ಸೇತುವೆಗೆ ಅಡ್ಡ ನಿಂತ ಕಸ್ತೂರಿಬಾಯಿ

ಮೊದಲ ಹನಿ ಗಾಜಿಗೆ ಬಿದ್ದೊಡನೆ ಕಸ್ತೂರಿಬಾಯಿಯವರ ಕಾರು ತನ್ನ ನಡೆಯನ್ನೇ ಬದಲಿಸುತ್ತಿತ್ತು. ಕಲಬುರಗಿಯ ಖೂಬಾ ಪ್ಲಾಟಿನ ಮನೆಯಿಂದ ಕಮಲಾಪುರದ ಪ್ರೌಢಶಾಲೆಗೆ ಇತಿಹಾಸ ಕಲಿಸಲು ಹೋಗುವ, ಎಲ್ಲರೂ ಬಾಯಾರು ಎಂದೇ ಕರೆಯುವ ಈ ಶಿಕ್ಷಕಿ ದೀಪ ಹಚ್ಚಿ, ಬೆನ್ನು ನೆಟ್ಟಗೆ ಮಾಡಿ, ಮುಂದಿನ ವಾಹನದಿಂದ ಧಾರಾಳವಾಗಿ ದೂರ ಉಳಿದು, ಮೆರವಣಿಗೆಯ ಆನೆಯ ಗಾಂಭೀರ್ಯದಿಂದ ಸಾಗುತ್ತಿದ್ದರು. ಬಿಟ್ಟ ಜಾಗಕ್ಕೆ ಯಾರಾದರೂ ನುಗ್ಗಿದರೆ ಮತ್ತಷ್ಟು ಹಿಂದೆ ಸರಿದು ಅಷ್ಟೇ ಜಾಗ ಬಿಡುವರು. ಹಿಂದಿನವರು ಹಾರ್ನ್ ಹೊಡೆದಷ್ಟೂ ಅವರ ತುಟಿ ಬಿಗಿಯುತ್ತಿತ್ತೇ ಹೊರತು ಗಾಡಿಯ ವೇಗ ಹೆಚ್ಚುತ್ತಿರಲಿಲ್ಲ.

ಮಳೆ ಬಂತೆಂದರೆ ಬೇಗ ಮನೆ ಸೇರುವ ಆತುರದಲ್ಲಿ ಇನ್ನಷ್ಟು ಜೋರಾಗಿ ಓಡಿಸುವವರು, ಒಂದು ಕೈಯಲ್ಲಿ ಕೊಡೆ ಹಿಡಿದು ಬೈಕ್ ನಡೆಸುವವರು, ಕುಸನೂರ ರಸ್ತೆಯ ರಾಡಿಯನ್ನು ದಾರಿಹೋಕರ ಮೈಗೆ ಎರಚಿ ತಿರುಗಿಯೂ ನೋಡದವರು, ಇವರೆಲ್ಲರೂ ಅವರ ಪಾಲಿಗೆ ಒಂದೇ ಕುಲದ ಅಪರಾಧಿಗಳು. ಈ ಕೋಪದ ಹಿಂದೆ ಯಾವುದೋ ಸಾವು ಇರಬೇಕೆಂದು ಊಹಿಸಿ, ಸಹೋದ್ಯೋಗಿ ಸುಧಾಕರ ಒಮ್ಮೆ ಸಂಕೋಚದಿಂದ ಕೇಳಿದ್ದರು.

“ಮನ್ಯಾಗ ಯಾರಿಗರ ಏನರ ಆಗಿತ್ತೇನ್ರೀ ಬಾಯಾರ?”

“ಯಾರಿಗೂ ಏನೂ ಆಗಿಲ್ರೀ. ಎಚ್ಚರ ಇರಾಕ ಮೊದಲ ಯಾರರ ಸಾಯಬೇಕೇನು?”

ಹೋದ ವರ್ಷ ಭಾದ್ರಪದದ ಒಂದು ಸಂಜೆ, ಶಾಲೆಯಿಂದ ಮರಳುವಾಗ, ಕಮಲಾಪುರ ದಾಟಿ ಕಲಬುರಗಿ ದಾರಿಯಲ್ಲಿರುವ ತಗ್ಗು ಸೇತುವೆಯ ಮೇಲೆ ಹಳ್ಳ ಹರಿಯುತ್ತಿತ್ತು. ಅಂಚಿನ ಕಲ್ಲುಗಳು ಕೆಂಪು ನೀರಿನಲ್ಲಿ ಅಡಗಿದ್ದವು. ಹಿಂದೆ, ಆ ದಾರಿಯಲ್ಲಿ ದಿನಾ ಆಳುಗಳನ್ನು ಸಾಗಿಸುವ ಬುರ್ಹಾನುದ್ದೀನನ ಬಾಡಿಗೆ ಜೀಪು. ಅದರ ತುಂಬ ಕಳೆ ಕಿತ್ತು ಮನೆಗೆ ಹೊರಟ ಹೆಣ್ಣಾಳುಗಳು. ಆತ ಪಕ್ಕದಿಂದ ನುಗ್ಗುವಷ್ಟರಲ್ಲಿ ಕಸ್ತೂರಿಬಾಯಿ ಸೇತುವೆಯ ಬಾಯಿಗೆ ಕಾರನ್ನು ಅಡ್ಡ ತಿರುಗಿಸಿ, ಕೀಲಿ ತೆಗೆದು ಸೆರಗಿಗೆ ಗಂಟು ಹಾಕಿಕೊಂಡು ಕೆಳಗಿಳಿದರು.

“ಗಾಡಿ ತಗೀರಿ ಬಾಯಾರ. ಇದು ನನಗ ರೋಜಿನ ರಸ್ತಾ ಅದ.”

“ರಸ್ತಾ ಕಾಣಾಕತ್ತದೇನಪಾ?”

“ಅಂದಾಜು ಅದರೀ.”

“ನಿನ್ನ ಅಂದಾಜಿನ ಮ್ಯಾಲ ಇಷ್ಟು ಮಂದಿ ಕುಂತಾರ.”

ಹಿಂದೆ ವಾಹನಗಳು ಸಾಲುಗಟ್ಟಿದವು. ಪೊಲೀಸರನ್ನು ಕರೆಸುವುದಾಗಿ ಯಾರೋ ಗದರಿದರು. “ಕರೀರಿ. ಅವರೂ ಈ ಹಳ್ಳದ ದಂಡ್ಯಾಗ ನಿಲ್ಲಬೇಕಾಗ್ತದ,” ಎಂದರು ಬಾಯಾರು. ಸೆರಗಿನಲ್ಲಿದ್ದ ಕೀಲಿಯ ಗಂಟನ್ನು ಇನ್ನೊಮ್ಮೆ ಬಿಗಿ ಮಾಡಿಕೊಂಡರು. ಇಷ್ಟೆಲ್ಲ ಮಾಡಿ ತಪ್ಪು ತಮ್ಮದೇ ಆಗಿದ್ದರೆ ಎಂಬ ಅಳುಕು ಒಳಗೆ ಇದ್ದೇ ಇತ್ತು. ಆಗ ಗೌತಮಿ ಎಂಬ ಎಳೆಯ ಬಾಣಂತಿ ಜೀಪಿನಿಂದಿಳಿದು, ಯಾರನ್ನೂ ಕೇಳದೆ, ಕೂಸಿನೊಡನೆ ಅವರ ಕಾರಿನ ಹಿಂದಿನ ಸೀಟಿನಲ್ಲಿ ಕೂತಳು. ಒಬ್ಬೊಬ್ಬರಾಗಿ ಉಳಿದವರೂ ಇಳಿದು ಬೇವಿನ ಗಿಡದ ಕೆಳಗೆ ನಿಂತರು.

ಮುಚ್ಚಂಜೆಗೆ ನೀರು ಇಳಿಯಿತು. ಸೇತುವೆ ಇದ್ದಂತೆಯೇ ಇತ್ತು. ಒಂದು ಕಲ್ಲೂ ಕದಲಿರಲಿಲ್ಲ.

“ನೋಡ್ರಿ, ಏನೂ ಆಗ್ತಿದ್ದಿಲ್ಲ. ಸುಮ್ಮನ ವ್ಯಾಳ್ಯಾ ಹಾಳಾತು,” ಎಂದ ಬುರ್ಹಾನುದ್ದೀನ್.

“ಆಗಲಿ. ತಪ್ಪು ನಂದ ಅಂತ ಬೈಕೋತ ಮನಿಗಿ ಹೋಗ್ರಿ. ಆದ್ರ ಎಲ್ಲಾರೂ ಹೋಗ್ರಿ.”

ಬಾಯಾರು ಕಾರನ್ನು ಪಕ್ಕಕ್ಕೆ ತೆಗೆದೊಡನೆ ಜೀಪು ಹೆಣ್ಣಾಳುಗಳನ್ನು ಹತ್ತಿಸಿಕೊಂಡು, ಅವರ ಗಾಜಿಗೆ ಕೆಸರು ಹಾರಿಸಿ ಓಡಿತು. ಬಾಯಾರು ಗಾಜು ಒರೆಸಿಕೊಂಡು ತಮ್ಮ ನಡೆಯಲ್ಲೇ ಹೊರಟರು. ಗೌತಮಿ ಮಾತ್ರ ಜೀಪಿಗೆ ಮರಳದೆ, ಕಲಬುರಗಿ ಬರುವತನಕ ಕೂಸಿನೊಡನೆ ಅವರ ಹಿಂದಿನ ಸೀಟಿನಲ್ಲೇ ಕೂತಿದ್ದಳು.

ಇಂಥವರ ಬಾಳಿಗೆ ಸಾಕ್ಷಿ ಸಿಗುವುದು ಕಷ್ಟ. ತಪ್ಪಿದ ಅನಾಹುತ ಯಾರ ಕಣ್ಣಿಗೂ ಬೀಳುವುದಿಲ್ಲ, ತಡವಾದ ಊಟ ಮಾತ್ರ ಎಲ್ಲರ ನೆನಪಿನಲ್ಲುಳಿಯುತ್ತದೆ. ಆದರೂ ಬೈಸಿಕೊಂಡು ಅಡ್ಡ ನಿಲ್ಲುವ ಒಬ್ಬಿಬ್ಬರು ಇರುವ ಊರಿನಲ್ಲೇ, ಬೈಯುವವರು ಕ್ಷೇಮವಾಗಿ ಮನೆ ಸೇರುತ್ತಾರೆ.