ಕತ್ತಿನ ಹಿಂದಿನ ನೀಲಿ

ಮಗಳು ಮಡಚು ಕುರ್ಚಿಗಳನ್ನು ಒಂದೊಂದಾಗಿ ಬಿಡಿಸಿ ಅಂಗಳದಲ್ಲಿ ಇಡುತ್ತಿದ್ದಳು. ಒಳಗೆ ಮಲಗಿಸಿದ್ದ ಅಮ್ಮನ ಶವದ ಪಕ್ಕ ಕೂರುವುದು ತಪ್ಪಲಿ ಎಂದು ಬೆಳಗಿನಿಂದ ಇಂಥದೇ ಕೆಲಸ ಹುಡುಕಿಕೊಂಡಿದ್ದಳು.

“ನನ್ನನ್ನ ಏಳು ಸಲ ಫೇಲ್ ಮಾಡಿದ್ರು ನಿಮ್ಮಮ್ಮ,” ಎಂದರು ಆಸ್ಪತ್ರೆಯ ಸರ್ಜನ್, ಕೂರುತ್ತ. “ಮೂವತ್ತು ವರ್ಷ ಆಪರೇಷನ್ ಮಾಡಿದ ಕೈ ಇದು. ಗೌನ್ ಬಿಚ್ಚೋಕೆ ಬರಲ್ಲ ಅಂದ್ಬಿಟ್ರು!”

“ನಮ್ಮ ನಿಧಾನಮ್ಮ ಯಾರಿಗೆ ತಾನೆ ಸೊಪ್ಪು ಹಾಕ್ತಿದ್ಲು?” ಎಂದಳು ಆಸ್ಪತ್ರೆಯ ಲಾಂಡ್ರಿಯ ಅಕ್ಕ.

ಸುತ್ತಲಿದ್ದವರು ನಕ್ಕರು. ಮಗಳು ನಗಲಿಲ್ಲ. “ನೀವು ಎಂಟನೇ ಸಲ ಪಾಸಾದ್ರಿ, ಸರ್. ನಂಗೆ ನಾಲ್ಕಕ್ಕೇ ಬಾಗಿಲು ಹಾಕಿದ್ಲು.”

*

ಅಂಟುಜ್ವರವೊಂದು ಊರೆಲ್ಲ ಹಬ್ಬಿದ ವರ್ಷ, ಜ್ವರದ ವಾರ್ಡಿಗೆ ಹೋಗುವವರಿಗೆಲ್ಲ ಗೌನು, ಮಾಸ್ಕು, ಕೈಗವಸು ಹಾಕಿ ಬಿಚ್ಚುವುದನ್ನು ಕಲಿಸಿದವಳು ಆಯಾ ಆಗಿದ್ದ ಅಮ್ಮ. ಹಾಕುವುದು ಸುಲಭ, ಬಿಚ್ಚುವಾಗಲೇ ರೋಗ ಅಂಟುವುದು. ಅದಕ್ಕೇ ಕೈಗವಸಿಗೆ ನೀಲಿ ಬಣ್ಣ ಬಳಿದು, “ನಿಧಾನ, ನಿಧಾನ” ಎನ್ನುತ್ತ ಎಲ್ಲ ಬಿಚ್ಚಿಸಿ, ಮೈಮೇಲೆ ಸಾಸಿವೆಯಷ್ಟು ನೀಲಿ ಕಂಡರೂ ವಾಪಸು ಕಳಿಸುತ್ತಿದ್ದಳು.

ಆಗಷ್ಟೇ ನರ್ಸ್ ಆಗಿದ್ದ ಮಗಳು ನಾಲ್ಕನೇ ಸಲ ಉಸಿರು ಬಿಗಿಹಿಡಿದು ಬಿಚ್ಚಿದಳು. ಕೈ ಚೊಕ್ಕ, ಮುಖ ಚೊಕ್ಕ. ಅಮ್ಮ ಅವಳ ಬೆನ್ನ ಹಿಂದೆ ಹೋಗಿ ನಿಂತಳು.

“ಕತ್ತಿನ ಹಿಂದೆ ನೀಲಿ ಇದೆ. ನಿನ್ನ ಕೈಲಿ ಆಗಲ್ಲ ಕಣೇ, ಬಿಡು,” ಎಂದು ಒದ್ದೆ ಹತ್ತಿಯಿಂದ ಒರೆಸಿಬಿಟ್ಟಳು.

ಮಗಳನ್ನು ಔಷಧಿ ಉಗ್ರಾಣಕ್ಕೆ ಹಾಕಿದರು. ಹನ್ನೊಂದು ವರ್ಷದಿಂದ ಅಲ್ಲೇ ಇದ್ದಾಳೆ. ರೋಗಿಯ ಮೈ ಮುಟ್ಟುವ ಕೆಲಸವೆಂದರೆ ಇಂದಿಗೂ ಕೈ ಹಿಂದೆ ಸರಿಯುತ್ತದೆ.

*

ಲಾಂಡ್ರಿಯ ಅಕ್ಕ ಅವಳನ್ನು ನೀರಿನ ತೊಟ್ಟಿಯ ಬಳಿಗೆ ಕರೆದಳು.

“ಇನ್ನೂ ಹೇಳ್ದೇ ಇದ್ರೆ ನಂಗೆ ಸಮಾಧಾನ ಇಲ್ಲ. ಅವತ್ತು ಬಟ್ಟೆ ಎತ್ಕೊಳ್ಳೋಕೆ ನಾನೂ ನಿನ್ನ ಹಿಂದೇನೇ ನಿಂತಿದ್ದೆ. ನಿನ್ನ ಕತ್ತಿನಲ್ಲಿ ಏನೂ ಇರ್ಲಿಲ್ಲ ಕಣೇ.”

“ಅಂದ್ರೆ?”

“‘ಇರೋದೊಂದು ಮಗು, ಹೇಗೆ ಒಳಗೆ ಕಳಿಸ್ಲಿ’ ಅಂದ್ಲು. ನನ್ನ ಹತ್ರ ಆಣೆ ಹಾಕಿಸ್ಕೊಂಡ್ಲು. ಮಾರನೇ ದಿನ ವಾರ್ಡಿಗೆ ತನ್ನ ಹೆಸರು ಬರೆಸಿದ್ಲು.”

“ಹನ್ನೊಂದು ವರ್ಷ, ಅಕ್ಕಾ!” ಮಗಳ ದನಿ ಏರಿ, ಅಲ್ಲೇ ಒಡೆಯಿತು.

“ಬೈಯಿ. ನನ್ನೂ ಬೈಯಿ, ಅವಳನ್ನೂ ಬೈಯಿ.”

ಗಾಡಿ ಬಂತು. ಅಮ್ಮನನ್ನು ಹಿಂದೆ ಮಲಗಿಸಿದರು. “ನೀವು ಮುಂದೆ ಕೂತ್ಕೊಳ್ಳಿ, ಮೇಡಂ,” ಎಂದ ಡ್ರೈವರ್. ಮಗಳು ಹಿಂದಕ್ಕೇ ಹತ್ತಿದಳು.

“ಸುಳ್ಳುಬುರುಕಿ,” ಎಂದಳು, ಮೆಲ್ಲಗೆ.

ಗಾಡಿ ಹೊರಟಿತು. ರಸ್ತೆಯ ಉಬ್ಬುತಗ್ಗಿಗೆ ಅಮ್ಮನ ತಲೆ ಹೊರಳದ ಹಾಗೆ, ದಾರಿಯುದ್ದಕ್ಕೂ ಎರಡೂ ಬರಿಗೈಗಳಲ್ಲಿ ಹಿಡಿದು ಕೂತಿದ್ದಳು.