ಕಿವಿ ನಂಬಿ ಬಳಿದ ಸೀಲಿಂಗ್

ಬಣ್ಣದ ಮೇಸ್ತ್ರಿಯ ಕುತ್ತಿಗೆಯ ಎಕ್ಸ್‌ರೇ ನೋಡಿ ಡಾಕ್ಟರು ಒಂಚೂರೂ ಗಾಬರಿಯಾಗಲಿಲ್ಲ. ಮೇಸ್ತ್ರಿಗೆ ಸಿಟ್ಟು ಬಂದದ್ದೇ ಅದಕ್ಕೆ.

"ಮೂಳೆ ಮಧ್ಯದ ಡಿಸ್ಕ್ ಸವೆದಿದೆ. ವಯಸ್ಸಾದ ಮೇಲೆ ಎಲ್ಲರಿಗೂ ಸವೆಯುತ್ತೆ. ಬಿಸಿ ಶಾಖ ಕೊಡಿ, ವ್ಯಾಯಾಮ ಬಿಡಬೇಡಿ. ಕತ್ತೆತ್ತಿ ಮಾಡೋ ಕೆಲಸ ಮಾತ್ರ ಬೇಡ."

ಮಳೆ ಬಂದರೆ ಕೊಡೆ ಹಿಡೀರಿ ಅನ್ನುವಷ್ಟು ಸಲೀಸಾಗಿ ಹೇಳಿಬಿಟ್ಟರು. ಜೀವಮಾನವಿಡೀ ಸೀಲಿಂಗ್ ಬಳಿದೇ ಹೊಟ್ಟೆ ಹೊರೆದವನು ಇನ್ನೆಲ್ಲಿ ನೋಡಬೇಕು, ಡಾಕ್ಟರ ಮುಖವನ್ನೇ?

ಈಗ ಕೆಲಸ ಹಿಡಿದು ನಡೆಸುವವನು ಹೆಂಡತಿಯ ತಮ್ಮ. ಅವನಿಗೆ ಬ್ರಷ್ ಹಿಡಿಯಲು ಕಲಿಸಿದ್ದೇ ಮೇಸ್ತ್ರಿ. ಕುತ್ತಿಗೆಯ ಸುದ್ದಿ ಅವನಿಗೆ ಮುಟ್ಟಿದರೆ ಸೀಲಿಂಗ್ ಕೈಬಿಟ್ಟು ಹೋಗುತ್ತದೆ, ಆಮೇಲೆ ಕಿಟಕಿ ಸರಳು ಉಜ್ಜುತ್ತ ಕೂರುವ ಪಾಡು. ಅದಕ್ಕಿಂತ ಸಾವೇ ವಾಸಿ ಎಂದು ಹೆಂಡತಿಯ ಬಾಯಿಗೂ ಬೀಗ ಹಾಕಿದ. ಮನೆಯಲ್ಲಿ ಕುತ್ತಿಗೆಪಟ್ಟಿ, ಬಿಸಿನೀರಿನ ಚೀಲ, ಗೋಡೆಗೆ ತಲೆಯೊತ್ತಿ ಗಲ್ಲ ಒಳಗೆಳೆಯುವ ವ್ಯಾಯಾಮ ಎಲ್ಲ ನಡೆಯುತ್ತಿತ್ತು. ಕೆಲಸಕ್ಕೆ ಹೊರಟಾಗ ಪಟ್ಟಿ ಹಾಸಿಗೆಯ ಕೆಳಗೆ ಸೇರುತ್ತಿತ್ತು.

ಬಣ್ಣ ತುಂಬಿದ ರೋಲರ್ ಚಪಚಪ ಅನ್ನುತ್ತದೆ, ಒಣಗಿದ್ದು ಕರಕರ. ಮೇಸ್ತ್ರಿ ರೋಲರಿಗೆ ಉದ್ದ ಕೋಲು ಸಿಕ್ಕಿಸಿ, ಕಣ್ಣನ್ನು ಎದುರುಗೋಡೆಯ ಮೇಲಿಟ್ಟು, ಆ ಸದ್ದು ನಂಬಿ ಬಳಿಯತೊಡಗಿದ. ತಿಂಗಳುಗಟ್ಟಲೆ ಒಂದು ದೂರೂ ಬರಲಿಲ್ಲ. "ಕುತ್ತಿಗೆ ಸವೆದ್ರೇನು, ಕೈ ಸವೆದಿದ್ಯಾ?" ಎಂದು ಹೆಂಡತಿಯ ಮುಂದೆ ಜಂಬ ಕೊಚ್ಚಿದ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವುದು ಬೆಕ್ಕಿಗೆ ಮಾತ್ರ ಗುಟ್ಟು.

ಭಾವಮೈದ ಜ್ವರ ಬಂದು ಮಲಗಿದ್ದಾಗ ಮೇಸ್ತ್ರಿ ತಾನೊಬ್ಬನೇ ಹೋಗಿ ಟೀಚರೊಬ್ಬರ ಮಲಗುವ ಕೋಣೆ ಮುಗಿಸಿದ. ಆಕೆಗೆ ಸೊಂಟನೋವು, ಹಗಲೆಲ್ಲ ಅಂಗಾತ ಮಲಗಿ ಸೀಲಿಂಗನ್ನೇ ನೋಡುವವರು. ಭಾವಮೈದನ ಜ್ವರ ಇಳಿದ ಮೇಲೆ ಇಬ್ಬರನ್ನೂ ಕರೆಸಿದರು.

"ಮೇಸ್ತ್ರಿ, ಸ್ವಲ್ಪ ಮೇಲೆ ನೋಡಿ."

ಮೇಸ್ತ್ರಿ ಗೋಡೆ ನೋಡಿದ. "ಚೆನ್ನಾಗೇ ಇದೆಯಲ್ಲ ಟೀಚರೇ."

"ಗೋಡೆ ಅಲ್ಲ. ಮೇಲೆ."

ಹಲ್ಲು ಕಚ್ಚಿ ಗಲ್ಲ ಎತ್ತಿದ. ಭುಜದಿಂದ ಬೆರಳ ತುದಿಯವರೆಗೆ ನೋವು ಛಳಕ್ ಎಂದಿತು. "ಮಲಗಿ ನೋಡಿದ್ರೇ ಸರಿಯಾಗಿ ಗೊತ್ತಾಗೋದು" ಎಂದು ನೆಪ ಹೇಳಿ ನೆಲದ ಮೇಲೆ ಅಂಗಾತ ಮಲಗಿಬಿಟ್ಟ. ಆಗ ಕಾಣಿಸಿತು. ಒಂದು ಬಿಳಿ ಪಟ್ಟೆ, ಒಂದು ಹಳೆಯ ಹಳದಿ ಪಟ್ಟೆ, ಮತ್ತೆ ಬಿಳಿ. ಮೂಲೆಗಳಿಗಂತೂ ಬಣ್ಣ ಮುಟ್ಟಿರಲೇ ಇಲ್ಲ. ಏಳಲು ಹೋದ, ಆಗಲಿಲ್ಲ.

ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ, ಮಲಗಿದಲ್ಲಿಂದಲೇ ಗುಡುಗಿದ: "ಇದೊಂದು ಹೇಗೋ ತಪ್ಪೋಯ್ತು. ಬೇರೆ ಯಾವ ಮನೇಲಾದ್ರೂ ಹೀಗಾಗಿದ್ಯಾ? ಹೇಳೋ!"

ಭಾವಮೈದ ಬಗ್ಗಿ ರೋಲರಿಗೆ ಬಣ್ಣ ಹಿಡಿಸತೊಡಗಿದ.

"ನಿನ್ನನ್ನೇ ಕೇಳ್ತಿರೋದು."

"ಆಗಿದೆ ಭಾವ. ನೀವು ಮನೆಗೆ ಹೋದ್ಮೇಲೆ ನಾನು ಇನ್ನೊಂದು ಕೈ ಹೊಡೀತಿದ್ದೆ. ಈ ಸಲ ಜ್ವರ ಬಂದ್ಬಿಡ್ತು."

"ಎಷ್ಟು ಮನೇಲಿ?"

"ಎಲ್ಲಾದ್ರಲ್ಲೂ."

"ಯಾರು ಹೇಳಿದ್ದು ನಿಂಗೆ?"

"ಅಕ್ಕ. ನಿಮಗೆ ಗೊತ್ತಾಗಬಾರ್ದು ಅಂತ ಆಣೆ ಹಾಕಿಸ್ಕೊಂಡಿದ್ಲು."

ಎಬ್ಬಿಸಲು ಅವನು ಕೈ ಚಾಚಿದ. ಮೇಸ್ತ್ರಿ ಹಿಡಿಯಲಿಲ್ಲ. "ಬಳಿ ನೀನು," ಅಂದ.

ಭಾವಮೈದ ಬಳಿದ. ಕೆಳಗಿದ್ದವನ ಹಣೆ, ಕೆನ್ನೆಯ ಮೇಲೆ ಬಣ್ಣದ ಹನಿ ಬಿದ್ದವು. ಮೇಸ್ತ್ರಿ ರೆಪ್ಪೆ ಮಿಟುಕಿಸದೆ ಮೂಲೆ ಮೂಲೆ ಹುಡುಕಿದ. ಎಲ್ಲೂ ಒಂದು ಚೂರೂ ಬಿಟ್ಟುಹೋಗಿರಲಿಲ್ಲ. ಬಿಟ್ಟಿದ್ದರೆ ಬೈಯಲಿಕ್ಕಾದರೂ ಒಂದು ನೆಪ ಸಿಗುತ್ತಿತ್ತು.