ಬೀದಿಯಿಂದ ತೆಗೆದ ಅಳತೆ

ಹುಲಿಗೆಮ್ಮ ಬ್ಯಾಂಕಿನ ಪತ್ರವನ್ನು ಮ್ಯಾನೇಜರ್ ರೂಪೇಶ್ ಅವರ ಮೇಜಿನ ಮೇಲಿಟ್ಟರು. ಭದ್ರಾವತಿ ಹಳೇನಗರದ ತಮ್ಮ ಮನೆಯಲ್ಲೇ ಮೆಸ್ ತೆರೆಯಲು ಅವರು ಕೇಳಿದ್ದ ಸಾಲ ತಿರಸ್ಕೃತವಾಗಿತ್ತು. ಕಾರಣ: ‘ಸ್ಥಳ ಪರಿಶೀಲಿಸಲಾಗಿದೆ. ಅಡುಗೆಮನೆ ಚಿಕ್ಕದು.’

“ಸಾರ್, ನಮ್ಮ ಅಡುಗೆಮನೆ ಯಾವ ಕಡೆ ಇದೆ, ಹೇಳಿ ನೋಡೋಣ.”

ರೂಪೇಶ್ ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದರು.

“ಸಾಲಕ್ಕೆ ಅಂತ ನ್ಯೂಟೌನ್ ಗೌಡ್ರ ಬೇಕರಿ ನೋಡೋಕೆ ಹೋದಾಗ ನೀವು ಒಳಗೆ ಕೂತು ಎರಡು ದಿಲ್‌ಪಸಂದ್ ತಿಂದ್ರಂತೆ. ನಮ್ಮ ಕೇರೀಲಿ ಬೈಕಿಂದ ಇಳೀಲೇ ಇಲ್ಲ. ಅಲ್ಲಿಂದಾನೇ ಅಳತೆ ತಗೊಂಡ್ರಾ? ಕಣ್ಣು ಬಲು ಚುರುಕು ಬಿಡಿ!”

ಕ್ಯಾಷಿಯರ್ ಕೆಮ್ಮಿ ನಗು ನುಂಗಿದರು. ಅವತ್ತು ಟೈಮ್ ಇರಲಿಲ್ಲ ಎನ್ನಲು ರೂಪೇಶ್ ಬಾಯಿ ತೆರೆದರು. ದಲಿತರ ಕೇರಿಗೆ ಹೋದಾಗ ಮಾತ್ರ ತಮಗೆ ಪ್ರತಿ ಸಲವೂ ಟೈಮ್ ಇರುವುದಿಲ್ಲ ಎಂಬುದು ಹೊಳೆದು ಬಾಯಿ ಮುಚ್ಚಿದರು.

ಅದೇ ಮಧ್ಯಾಹ್ನ ಹುಲಿಗೆಮ್ಮನ ಮನೆಗೆ ಹೋಗಿ, ಶೂ ಕಳಚಿ ಒಳಗೆ ನಡೆದರು. ಅಡುಗೆಮನೆ ರೂಪೇಶ್ ಅವರ ರವೀಂದ್ರನಗರದ ಮನೆಯದಕ್ಕಿಂತ ದೊಡ್ಡದಿತ್ತು.

“ಒಂದು ಕಾಫಿ ಕೊಡಿ ಹುಲಿಗೆಮ್ಮ,” ಎಂದರು, ದೊಡ್ಡ ಸಾಹಸ ಮಾಡಿದವರಂತೆ.

“ಕಾಫೀಲಿ ಪಾಪ ತೊಳ್ಕೊಂಡು ಹೋಗೋ ಹಂಗಿಲ್ಲ ಸಾರ್. ಮೊದ್ಲು ಟೇಪ್ ಹಿಡೀರಿ.”

ಹದಿನಾಲ್ಕು ಅಡಿ, ಹನ್ನೆರಡು ಅಡಿ. ಹಳೆಯ ವರದಿ ಬದಲಿಸಲು ಕಾರಣ ಬರೆಯಬೇಕಿತ್ತು, ಅದನ್ನು ಮೇಲಧಿಕಾರಿಗಳು ಓದುವವರಿದ್ದರು. ರೂಪೇಶ್ ‘ಅಳತೆಯಲ್ಲಿ ದೋಷ’ ಎಂದು ಬರೆದು, ಹುಲಿಗೆಮ್ಮನ ಮುಖ ನೋಡಿ, ಆ ಸಾಲನ್ನು ಹೊಡೆದುಹಾಕಿದರು. ‘ಹಿಂದಿನ ಸಲ ನಾನು ಮನೆಯೊಳಗೆ ಹೋಗಿರಲಿಲ್ಲ’ ಎಂದು ಬರೆದು ಸಹಿ ಮಾಡಿದರು.